ಅಣ್ಣನ ಕಾಲಿಗಿಟ್ಟ ನೀಲಿ ದೀಪ

ಎಲ್ಲ ಶುರುವಾಗಿದ್ದು ಒಂದು ಹುಣಸೆಬೀಜದಿಂದ. ಅದು ನಮ್ಮಣ್ಣನ ಬಲಗಾಲಿನ ಷೂ ಒಳಗೆ ಹೇಗೆ ಸೇರಿತೋ ದೇವರೇ ಬಲ್ಲ. ನಾನು ಹುಣಸೆಹಣ್ಣು ಕುಟ್ಟುವಾಗ ಬೀಜ ಸಿಡಿದು ಬಿದ್ದಿರಬೇಕು ಎಂದು ಅವನು. ಷೂ ಕೊಡವದೆ ಹಾಕಿಕೊಂಡಿದ್ದು ನೀನು ಎಂದು ನಾನು. ಈ ಜಗಳ ಇವತ್ತಿಗೂ ಮುಗಿದಿಲ್ಲ. ಬಂಗಾರಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಅವನು ಕಾವಲಿಗಿದ್ದ. ಬೆಳಿಗ್ಗೆ ಹೋದವನು ಸಂಜೆ ಬಂದು ಬಾಗಿಲಲ್ಲಿ ಷೂ ಬಿಚ್ಚಿದಾಗ ಸಾಕ್ಸಿನ ತಳ ಒದ್ದೆಯಾಗಿತ್ತು. ಬೆವರು ಅಂದುಕೊಂಡು ಎಳೆದ. ಬೀಜ ಪಾದದೊಳಗೆ ಅರ್ಧ ಹೂತುಕೊಂಡಿತ್ತು. ದಿನವಿಡೀ ಅದರ ಮೇಲೆ ನಡೆದಿದ್ದಾನೆ, ಒಂದು ಸಲವೂ ಚುಚ್ಚಲಿಲ್ಲವಂತೆ. ಸಕ್ಕರೆ ಕಾಯಿಲೆ ಅವನ ಪಾದಗಳ ಅರಿವನ್ನು ಯಾವಾಗಲೋ ಕಿತ್ತುಕೊಂಡಿತ್ತು, ನಮಗೆ ಗೊತ್ತಾಗಿದ್ದು ಅವತ್ತು.

ನಾವು ಹುಟ್ಟಿ ಬೆಳೆದದ್ದು ಉರಿಗಾಂನಲ್ಲಿ, ಗಣಿ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ. ಅಪ್ಪ ಚಿನ್ನದ ಗಣಿಗೆ ಇಳಿದ, ಅವನ ಹಿಂದೆ ಅಣ್ಣನೂ ಇಳಿದ. ಗಣಿ ಮುಚ್ಚಿದಾಗ ಅಣ್ಣನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಆಮೇಲೆ ಸಿಕ್ಕ ಸಿಕ್ಕ ಕೆಲಸ ಮಾಡಿದ. ಅತ್ತಿಗೆ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಅವನನ್ನು ನಾನೇ ಬಂಗಾರಪೇಟೆಗೆ ಕರೆತಂದೆ. ನನ್ನ ಯಜಮಾನರೂ ಆಗಲೇ ಹೋಗಿಬಿಟ್ಟಿದ್ದರು. ರೈಲ್ವೆ ಗೇಟಿನ ಪಕ್ಕದ ನನ್ನ ಮನೆ ಎಂದರೆ ಒಂದು ನಡುಮನೆ, ಒಂದು ಅಡುಗೆಮನೆ. ನಡುಮನೆಯಲ್ಲೇ ನನ್ನ ಹೊಲಿಗೆ ಮೆಷೀನು, ಅಣ್ಣನ ಮಂಚ, ಟಿ.ವಿ., ದೇವರ ಪಟಗಳು. ಭಾನುವಾರ ಬಂತೆಂದರೆ ಅಣ್ಣ ಮಾರಿಕುಪ್ಪಂ ರೈಲು ಹತ್ತಿ ಉರಿಗಾಂನಲ್ಲಿ ಇಳಿಯುತ್ತಿದ್ದ. ಹಳೆಯ ಲೈನುಗಳನ್ನೆಲ್ಲ ನಡೆದೇ ಸುತ್ತಿ, ಗಣಿಯಲ್ಲಿ ಜೊತೆಗಿದ್ದವರಲ್ಲಿ ಇನ್ನೂ ಉಳಿದವರ ಮನೆಗಳಲ್ಲಿ ಕಾಫಿ ಕುಡಿದು ಸಂಜೆ ರೈಲಿಗೆ ವಾಪಸಾಗುತ್ತಿದ್ದ. ಅವನಿಗಿದ್ದ ಸುಖ ಅದೊಂದೇ, ಅದಕ್ಕೆ ಬೇಕಾಗಿದ್ದದ್ದು ಎರಡು ಕಾಲು.

ಗಾಯ ಒಣಗಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ತೊಳೆದು ಕಟ್ಟಿದರು, ಮಾತ್ರೆ ಕೊಟ್ಟರು, ಮತ್ತೆ ತೊಳೆದು ಕಟ್ಟಿದರು. ಬೀಜದ ಗಾತ್ರದ ತೂತು ಕಾಫಿ ಲೋಟದ ಬಾಯಿಯಷ್ಟಾಯಿತು. ಊದುಬತ್ತಿ ಹಚ್ಚಿದರೂ ಮನೆಯಲ್ಲಿ ಒಂದು ಸಿಹಿಯಾದ ಕೊಳೆತ ವಾಸನೆ. ಅದೇ ಹೊತ್ತಿಗೆ ನನ್ನ ಮಗಳು ಬಾಣಂತನಕ್ಕೆ ಬಂದು ಮನೆಯಲ್ಲಿದ್ದಳು. ಹೆಣ್ಣು ಕೂಸು. ಅವಳೂ ಕೂಸೂ ನಡುಮನೆಯಲ್ಲೇ, ಅಣ್ಣನ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದರು. ಅಣ್ಣ ಕೂಸನ್ನು 'ಮೇಸ್ತ್ರಿ' ಅನ್ನುತ್ತಿದ್ದ. ಅದು ಒಂದು ಸಲ ಕಿರುಚಿದರೆ ಮನೆಯವರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆವಲ್ಲ, ಅದಕ್ಕೆ. "ಮೇಸ್ತ್ರಿ ಡ್ಯೂಟಿಗೆ ಬಂದ್ಲು, ಏಳ್ರಮ್ಮಾ" ಎಂದು ಮಂಚದಿಂದಲೇ ಕೂಗುತ್ತಿದ್ದ.

ಕೊನೆಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಗಾಯ ನೋಡಿ ಮೂಗು ಮುಚ್ಚಿಕೊಳ್ಳದವರಲ್ಲಿ ಮೊದಲನೆಯವಳು ಅವಳೇ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು.

"ರಕ್ತ ಕೆಳಗೆ ಸರಿಯಾಗಿ ಬರ್ತಿಲ್ಲ. ಹೀಗೇ ಬಿಟ್ಟರೆ ಕಾಲು ತೆಗೀಬೇಕಾಗುತ್ತೆ. ಅದಕ್ಕೆ ಮುಂಚೆ ಒಂದು ಹೊಸ ಪಟ್ಟಿ ಹಾಕಿ ನೋಡೋಣ್ವಾ? ಇನ್ನೂ ಪರೀಕ್ಷೆಯಲ್ಲಿರೋದು. ಒಪ್ಪಿಗೆ ಇದ್ದರೆ ಮಾತ್ರ."

ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತೋರಿಸಿದಳು. ತಾಟಿನುಂಗಿನ ಹಾಗೆ ತಣ್ಣಗೆ, ಮೆತ್ತಗೆ, ಆಚೆ ಕಡೆ ಕಾಣುವಷ್ಟು ತೆಳ್ಳಗಿತ್ತು. ಅದರೊಳಗೆ ಔಷಧ ಸುಮ್ಮನೆ ಮಲಗಿರುತ್ತದಂತೆ. ನೀಲಿ ಬೆಳಕು ಬಿದ್ದಾಗ ಅದು ಗ್ಯಾಸಾಗಿ ಗಾಯಕ್ಕೆ ಇಳಿಯುತ್ತದಂತೆ. ಬೆಳಕು ತೆಗೆದರೆ ನಿಂತುಹೋಗುತ್ತದಂತೆ. ಎಷ್ಟು ಬೇಕೋ ಅಷ್ಟು ಕೊಡಬಹುದು, ಅದೇ ಇದರ ಬುದ್ಧಿವಂತಿಕೆ ಎಂದಳು. ಪಟ್ಟಿ ಬದಲಾಯಿಸುವುದು ಆಸ್ಪತ್ರೆಯಲ್ಲಿ. ಬೆಳಗ್ಗೆ ಸಂಜೆ ದೀಪ ಇಡುವುದು ಮನೆಯಲ್ಲಿ ನಮ್ಮ ಕೆಲಸ.

ಅಣ್ಣ, "ಯಾವ ಗ್ಯಾಸಮ್ಮಾ?" ಎಂದ.

ರೋಗಿಯೊಬ್ಬ ಹಾಗೆ ಕೇಳಿದ್ದು ಅವಳಿಗೆ ಖುಷಿಯಾಯಿತು, ಮುಖದಲ್ಲೇ ಕಂಡಿತು. "ಮೈನ್ಸ್‌ನಲ್ಲಿ ಇದ್ದೋರಲ್ವಾ ಯಜಮಾನ್ರೇ, ನಿಮಗೆ ಗೊತ್ತಿರೋದೇ. ಮದ್ದು ಸಿಡಿಸಿದ ಮೇಲೆ ಬರೋ ಹೊಗೆಯಲ್ಲಿ ಇದೂ ಸೇರಿರುತ್ತೆ. ನಮ್ಮ ಮೈಯೊಳಗೂ ಒಂಚೂರು ತಾನಾಗೇ ಹುಟ್ಟುತ್ತೆ. ಸರಿಯಾದ ಅಳತೆಯಲ್ಲಿ ಕೊಟ್ಟರೆ ರಕ್ತದ ದಾರಿ ಅಗಲ ಮಾಡುತ್ತೆ, ಕೀವು ಮಾಡೋ ಕ್ರಿಮಿ ಸಾಯಿಸುತ್ತೆ. ನಿಮಗೆ ಕೊಡೋದು ಏನೇನೂ ಅಲ್ಲದಷ್ಟು."

"ನೋಡಣ್ಣ, ನಿನ್ನ ಹಳೇ ಸ್ನೇಹಿತಾನೇ ಬಂದವ್ನೆ ಔಷಧಕ್ಕೆ" ಎಂದು ನಾನು ನಕ್ಕೆ. ಅಣ್ಣ ನಗಲಿಲ್ಲ. ತಲೆಯಾಡಿಸಿ ಒಪ್ಪಿಕೊಂಡ. ಅಷ್ಟೇ ಮಾತು ನಡೆದದ್ದು. ಆ ಮಾತನ್ನು ನಾನು ಆಮೇಲೆ ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೋ.

ದೀಪ ಅಂಗೈಯಗಲದ್ದು, ಒಂದು ಪುಟ್ಟ ಕಾಲಿನ ಮೇಲೆ ನಿಲ್ಲುವಂಥದ್ದು, ಹೊತ್ತು ಮುಗಿದರೆ ತಾನೇ ಆರುವಂಥದ್ದು. ಅದರ ಬೆಳಕು ಕಣ್ಣಿಗೆ ಬೀಳಬಾರದು, ಅದರಲ್ಲೂ ಕೂಸಿನ ಕಣ್ಣಿಗೆ, ಎಂದು ಡಾಕ್ಟರಮ್ಮ ಹೇಳಿದ್ದಳು. ನಾನು ಹಳೆಯ ಕೊಡೆಯ ಕಪ್ಪು ಬಟ್ಟೆಯನ್ನು ಕತ್ತರಿಸಿ, ಒಳಗೆ ತಂತಿ ಕೊಟ್ಟು, ಕಮಾನು ಗಾಡಿಯ ಹಾಗೆ ಒಂದು ಗೂಡು ಹೊಲಿದೆ. ಅಣ್ಣ ಮಂಚದ ಮೇಲೆ ಕೂತು ಸ್ಟೂಲಿನ ಮೇಲೆ ಕಾಲಿಡುವುದು, ಗೂಡು ಮುಚ್ಚುವುದು, ಒಳಗೆ ದೀಪ ಉರಿಯುವುದು. ಅಂಚಿನಲ್ಲಿ ಮಾತ್ರ ನೀಲಿ ಗೆರೆಯೊಂದು ಕಾಣುತ್ತಿತ್ತು. ಹೊಲಿಗೆ ಚೆನ್ನಾಗಿ ಬಂದಿದೆ ಎಂದು ನನಗೆ ಜಂಬವೂ ಇತ್ತು.

ಮೊದಲ ದಿನವೇ ಅಣ್ಣ ಒಂದು ಮಾತು ತೆಗೆದ. "ಪಾಪೂನ ಮಂಚದ ಮ್ಯಾಲೆ ಮಲಗ್ಸಮ್ಮ, ನಾನು ಕೆಳಗೆ ಇರ್ತೀನಿ" ಎಂದು ಮಗಳಿಗೆ ಹೇಳಿದ. ಮಗಳು ನಕ್ಕುಬಿಟ್ಟಳು. "ಉರುಳಿ ಬಿದ್ರೆ ಏನ್ ಮಾಡ್ಲಿ ಮಾವ? ನೀವು ಸುಮ್ಕಿರಿ." ನಾನೂ ನಕ್ಕೆ. ಆ ಕಾಲು ಇಟ್ಟುಕೊಂಡು ನೆಲದಲ್ಲಿ ಕೂತರೆ ಎಬ್ಬಿಸುವವರು ಯಾರು ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಇನ್ನೊಂದು ದಿನ, ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವಾಗ, "ಗಣಿ ಒಗೆಗೆ ಬೈತಿದ್ಯಲ್ಲ, ಈ ಒಗೆಗೆ ಬೈಯೋದಿಲ್ವಾ?" ಎಂದು ರೇಗಿಸಿದೆ. "ಕಣ್ಣಿಗೆ ಕಾಣೋ ಒಗೆ ಏನೂ ಮಾಡಕಿಲ್ಲ ಬಿಡು" ಎಂದು ಗೋಡೆ ಕಡೆ ತಿರುಗಿಕೊಂಡ.

ಪಟ್ಟಿ ಕೆಲಸ ಮಾಡಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆಣೆ ಮಾಡಿ ಹೇಳಬಲ್ಲೆ. ಎರಡನೇ ಸಲ ಆಸ್ಪತ್ರೆಯಲ್ಲಿ ಬಿಚ್ಚಿದಾಗ ವಾಸನೆ ಇರಲಿಲ್ಲ. ಬೂದಿ ಬಣ್ಣದ ಅಂಚು ಒಂದು ಕಡೆ ಕೆಂಪಗಾಗಿತ್ತು, ಹೊಸ ಮಾಂಸ, ಕೂಸಿನ ವಸಡಿನ ಬಣ್ಣ. ಡಾಕ್ಟರಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ನಾನು ವಾಪಸ್ ಬರುವಾಗ ಸ್ಟೇಷನ್ನಿನ ಹತ್ತಿರ ಅಣ್ಣನಿಗೆ ಸಕ್ಕರೆ ಇಲ್ಲದ ಕಾಫಿ ಕೊಡಿಸಿ, "ದೀಪಾವಳಿ ಒತ್ತಿಗೆ ಉರಿಗಾಂಗೆ ನಡ್ಕೊಂಡೇ ಓಗ್ತೀಯ" ಎಂದೆ.

ಆ ವಾರ ಕೂಸಿಗೆ ನೆಗಡಿಯಾಯಿತು. ಎಲ್ಲ ಮಕ್ಕಳಿಗೂ ಆಗುವಂಥದ್ದೇ. ಎದೆ ಗೊರಗೊರ ಅನ್ನುತ್ತಿತ್ತು, ಹಾಲು ಕುಡಿಯುವಾಗ ಉಸಿರು ಸಿಕ್ಕಿಕೊಂಡು ಬಿಟ್ಟುಬಿಡುತ್ತಿತ್ತು. ನಮ್ಮ ಕಡೆ ಮಾಡುವಂತೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಎಣ್ಣೆ ದೀಪದ ಮೇಲೆ ಬಾಡಿಸಿ, ಬೆಚ್ಚಗೆ ಎದೆಯ ಮೇಲೆ ಇಟ್ಟೆವು. ಅಣ್ಣ ಮಂಚದ ಮೇಲೆ ಕೂತು ಕೂಸಿನ ಎದೆಯನ್ನೇ ನೋಡುತ್ತಿದ್ದ. ಟಿ.ವಿ. ಹಾಕಿದರೂ ನೋಡಲಿಲ್ಲ. ಡಾಕ್ಟರ ಹತ್ತಿರ ತೋರಿಸಿಕೊಂಡು ಬನ್ನಿ ಎಂದು ಮಗಳನ್ನು ಪೀಡಿಸಿದ. ಹೋದರು, ಮಾಮೂಲಿ ನೆಗಡಿ ಎಂದು ಮೂಗಿಗೆ ಬಿಡುವ ಹನಿ ಬರೆದುಕೊಟ್ಟರು. ಕೆಲವೇ ದಿನದಲ್ಲಿ ಕೂಸು ಮತ್ತೆ ಮೇಸ್ತ್ರಿಯಾಯಿತು.

ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಕೊಡದ ಪಕ್ಕ ಇಟ್ಟಿದ್ದ ವೀಳ್ಯದೆಲೆ ಮಾತ್ರ ಬೇಗ ಬೇಗ ಖಾಲಿಯಾಗುತ್ತಿತ್ತು. ಬಾಣಂತಿ ಊಟ ಆದ ಮೇಲೆ ಎಲೆ ಹಾಕಿಕೊಳ್ಳುತ್ತಾಳೆ, ಅವಳೇ ತಿಂದಿರಬೇಕು ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲಿನ ಸಲ ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮನ ಮುಖ ಇಳಿಯಿತು. ಕೆಂಪಗಾಗಿದ್ದ ಅಂಚು ಮತ್ತೆ ಬೂದಿಯಾಗಿತ್ತು. ದೀಪ ಸರಿಯಾಗಿ ಇಡುತ್ತಿದ್ದೀರಾ ಎಂದಳು. ಬೆಳಗ್ಗೆ ಸಂಜೆ ತಪ್ಪಿಸಿಲ್ಲ ಎಂದೆ. ದೀಪ ಕೆಟ್ಟಿರಬೇಕೆಂದು ಬೇರೆ ದೀಪ ಕೊಟ್ಟಳು. ಅದಕ್ಕೂ ಆಮೇಲಿನ ಸಲ ಗಾಯ ಇನ್ನೂ ಒಳಕ್ಕೆ ಹೋಗಿತ್ತು. ಅವತ್ತು ಅವಳು ಚಿಮುಟದಲ್ಲಿ ಪಟ್ಟಿಯ ಮೇಲಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. ಒಣಗಿ ಅಂಟಿಕೊಂಡ ಎಲೆಯ ಚೂರು.

"ಏನಿದು? ನಾಟಿ ಔಷಧ ಹಾಕಿದ್ದೀರಾ?"

ನನಗೆ ನಾಚಿಕೆಯಿಂದ ಮೈ ಉರಿದುಹೋಯಿತು. ಅಣ್ಣ ನೆಲ ನೋಡುತ್ತಿದ್ದ. ಅವಳು ಗದರಿದ್ದು ಸ್ವಲ್ಪ. ದಾರಿಯುದ್ದಕ್ಕೂ, ಆಟೋದಲ್ಲಿ, ಆಮೇಲೆ ಮನೆಯಲ್ಲಿ ನಾನು ಬೈದದ್ದು ಬಹಳ. "ನಿನ್ನ ಕಾಲಿಗೋಸ್ಕರ ನಾನು ಬಟ್ಟೆ ಒಲಿಯೋದು ಬಿಟ್ಟು ಅಲೀತಾ ಇವ್ನಿ. ನೀನು ಯಾವೋನೋ ಏಳಿದ ಸೊಪ್ಪು ಕಟ್ಕೊಂಡು ಕೂತಿದ್ಯಲ್ಲಣ್ಣ! ಕಾಲು ಓದ್ರೆ ನನ್ನ ಕೇಳ್ಬ್ಯಾಡ." ಸಂಜೆ ನಾನೇ ಪಕ್ಕದಲ್ಲಿ ಕೂತು ದೀಪ ಇಟ್ಟೆ. ಗೂಡಿನ ಬಟ್ಟೆ ಎತ್ತಿ ಎತ್ತಿ ನೋಡಿದೆ. ಅವನು ಕಂಬಳಿ ಎಳೆದು ಹೊದ್ದುಕೊಂಡ. ಜ್ವರ ಎಂದು ಗೊತ್ತಾಗಿದ್ದು ಹಣೆ ಮುಟ್ಟಿದಾಗ. ಬೆಳಗಾಗುವಷ್ಟರಲ್ಲಿ ಕಿರುಬೆರಳು ಕಪ್ಪಾಗಿತ್ತು.

ಆಸ್ಪತ್ರೆಗೆ ಸೇರಿಸಿಕೊಂಡರು. ನಂಜು ಮೇಲಕ್ಕೆ ಏರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು. ಮಾರನೇ ದಿನ ಆಪರೇಷನ್. ಮಧ್ಯಾಹ್ನ ವಾರ್ಡಿನಲ್ಲಿ ಅವನಿಗೆ ಗಂಜಿ ಕುಡಿಸುತ್ತಿದ್ದಾಗ, ಲೋಟ ಪಕ್ಕಕ್ಕೆ ತಳ್ಳಿ ತಾನಾಗೇ ಹೇಳಿದ.

"ಎಲೆ ಮದ್ದಿಗೆ ಅಂತ ಇಟ್ಟಿದ್ದಲ್ಲ ಕಣೇ. ಬೆಳಕು ತಾಗಬಾರ್ದು ಅಂತ ಇಟ್ಟೆ."

ನನಗೆ ಅರ್ಥವಾಗಲಿಲ್ಲ.

"ಬೆಳಕು ತಾಗಿದ್ರೆ ಗ್ಯಾಸು ಬತ್ತದೆ ಅಂತ ಆಯಮ್ಮನೇ ಏಳಿದ್ಲಲ್ಲ. ಮದ್ದು ಸಿಡಿಸಿದ ಗ್ಯಾಸು. ಅದು ಮ್ಯಾಲಕ್ಕೆ ಓಗಕಿಲ್ಲ, ನೆಲ ಇಡ್ಕೊಂಡು ಕೂತ್ಕೊಂತದೆ. ಮೇಸ್ತ್ರಿ ಮಲಗೋದು ನೆಲದ ಮ್ಯಾಲೆ."

ಆಮೇಲೆ ತನ್ನ ಸ್ನೇಹಿತನ ಕಥೆ ಹೇಳಿದ. ಆ ಸ್ನೇಹಿತ ನಮ್ಮ ಪಕ್ಕದ ಲೈನಿನವನು; ನನ್ನ ಮದುವೆಯಲ್ಲಿ ಪೆಟ್ರೊಮ್ಯಾಕ್ಸ್ ಹೊತ್ತು ಕುಣಿದಿದ್ದವನು. ಎದೆ ಕೆಟ್ಟು ಸತ್ತ ಎಂದಷ್ಟೇ ನನಗೆ ಗೊತ್ತಿತ್ತು. ಗಣಿಯಲ್ಲಿ ಎದೆ ಕೆಡದವರು ಯಾರು, ಹಾಗಾಗಿ ನಾನು ಹೆಚ್ಚಿಗೆ ಕೇಳಿರಲಿಲ್ಲ.

"ಮದ್ದು ಸಿಡಿಸಿದ ಮ್ಯಾಲೆ ಒಗೆ ಓಗೋಗಂಟ ಕಾಯ್ಬೇಕು. ಅವನು ಊಟದ ಡಬ್ಬಿ ಒಳಗೇ ಬಿಟ್ಟು ಬಂದಿದ್ದ. ತತ್ತೀನಿ ಅಂತ ಓದ. 'ಏನೂ ಇಲ್ಲ, ಬಾರ್ಲಾ' ಅಂತ ಒಳಗಿಂದ ಕೂಗಿದ. ನಾನು ಒದ್ದೆ ಟವಲ್ ಮೂಗಿಗೆ ಕಟ್ಕೊಂತಾ ನಿಂತಿದ್ದೆ, ಓಗ್ಲಿಲ್ಲ. ನಗ್ತಾ ಬಂದ ಕಣೇ. ಮ್ಯಾಲೆ ಬಂದು ಸ್ನಾನ ಮಾಡಿದ, ಮುದ್ದೆ ಉಂಡ, ಒಸಿ ಕೆಮ್ಮಿದ, ಮಲಗಿದ. ಬೆಳಗಾಗೋದ್ರಲ್ಲಿ ಎದೆ ಗೊರಗೊರ ಅಂತಿತ್ತು. ಅಂಗೇ ಓಗ್ಬಿಟ್ಟ. ಆ ಗ್ಯಾಸು ಅಲ್ಲೇ ಕೊಲ್ಲಕಿಲ್ಲ, ಜೊತೇಲಿ ಮನೇಗಂಟ ಬತ್ತದೆ. ಮೇಸ್ತ್ರಿ ಎದೇನೂ ಅಂಗೇ ಅಂತಿತ್ತಲ್ಲ, ನೀನೇ ಕೇಳಿಸ್ಕೊಂಡೆ."

"ಅದು ನೆಗಡಿ ಅಣ್ಣ! ಏನೇನೂ ಅಲ್ಲದಷ್ಟು ಅಂತ ಡಾಕ್ಟ್ರಮ್ಮ ಏಳ್ಲಿಲ್ವಾ?"

"ಅವನೂ ಏನೂ ಇಲ್ಲ ಅಂತಾನೇ ಅಂದಿದ್ದ."

"ನಮಗೆ ಏಳಬಾರ್ದಿತ್ತಾ? ಬಾಯಿ ಇರಲಿಲ್ವಾ ನಿಂಗೆ?" ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

"ಏಳಿದ್ರೆ ನಗ್ತಿದ್ರಿ. ನಕ್ಕು ಮತ್ತೆ ದೀಪ ಅಚ್ತಿದ್ರಿ. ಬ್ಯಾಡ ಅಂದ್ರೆ ಕಾಲು ತೆಗೀತೀವಿ ಅಂದಿದ್ರು. ಪಟ್ಟಿ ಇದ್ರೆ ಅದರ ಪಾಡಿಗೆ ಅದು ಒಸಿ ವಾಸಿ ಮಾಡ್ಬೋದು, ಅಷ್ಟ್ರಲ್ಲಿ ಮೇಸ್ತ್ರಿ ಊರಿಗೆ ಓಗ್ತಾಳೆ, ಆಮೇಲೆ ಬೆಳಕು ಇಟ್ಕೊಂತೀನಿ ಅಂದ್ಕೊಂಡೆ."

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಲೋಟ ತೊಳೆಯಲು ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು ಅತ್ತೆ. ನಾವು ನಕ್ಕಿದ್ದು ನಿಜ. ಅವನು ನೆಲದಲ್ಲಿ ಮಲಗುತ್ತೇನೆ ಅಂದ ದಿನ ಒಬ್ಬರಾದರೂ ಯಾಕೆ ಎಂದು ಕೇಳಬಹುದಿತ್ತು.

ಡಾಕ್ಟರಮ್ಮನಿಗೆ ಹೇಳಿದಾಗ ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಪಟ್ಟಿಯಿಂದ ಬರುವ ಗ್ಯಾಸು ಪಟ್ಟಿಯ ಕೆಳಗೇ ಮುಗಿದುಹೋಗುತ್ತದೆ, ಕೋಣೆಗೆ ಬರುವಷ್ಟು ಇರುವುದೇ ಇಲ್ಲ ಎಂದಳು. "ಹೊಗೆ ಮಾತು ನಾನು ಆಡಬಾರದಿತ್ತು" ಎಂದಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಕೇಳಿದವನಿಗೆ ನಿಜ ಹೇಳಿದ್ದಳು. ಬೆಳಕು ಬಿದ್ದಿದ್ದರೆ ಕಾಲು ಉಳಿಯುತ್ತಿತ್ತಾ ಎಂದು ಕೇಳಿದೆ. ಖಂಡಿತ ಅಂತ ಹೇಳಲಾರೆ, ಆದರೆ ಶುರುವಿನಲ್ಲಿ ಚೆನ್ನಾಗಿ ಬರುತ್ತಿತ್ತು ಎಂದಳು. ಆ 'ಆದರೆ'ಯನ್ನು ನುಂಗುವುದು ನನಗೆ ಇವತ್ತಿಗೂ ಕಷ್ಟ.

ಆಪರೇಷನ್ ಮುಗಿದ ಮೇಲೆ, ತೆಗೆದ ಕಾಲನ್ನು ಆಸ್ಪತ್ರೆಯವರೇ ವಿಲೇವಾರಿ ಮಾಡಬೇಕೋ, ನೀವು ಒಯ್ಯುತ್ತೀರೋ ಎಂದು ಕೇಳಿದರು. ಅಣ್ಣ ಹಿಂದಿನ ದಿನವೇ ಹೇಳಿಟ್ಟಿದ್ದ: ಉರಿಗಾಂಗೆ, ಆ ಸ್ನೇಹಿತನ ಪಕ್ಕಕ್ಕೆ. ನಮ್ಮಲ್ಲಿ ಹೂಳುವುದೇ ಪದ್ಧತಿ. ಕಾಲಾದರೂ ಅಷ್ಟೆ, ಕಸಕ್ಕೆ ಬಿಡುವುದಿಲ್ಲ. ಬಿಳಿ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ಆಟೋದಲ್ಲಿ ಅದನ್ನು ಪಕ್ಕಕ್ಕೆ ಇಡಲು ಮನಸ್ಸಾಗದೆ ತೊಡೆಯ ಮೇಲೆ ಇಟ್ಟುಕೊಂಡೆ. ಹೆಚ್ಚುಕಡಿಮೆ ಮೊಮ್ಮಗಳಷ್ಟೇ ಭಾರವಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ನನ್ನ ಕೈ ತಾನಾಗೇ ಅದರ ಕೆಳಗೆ ಹೋಗಿ ಕೂಸನ್ನು ಹಿಡಿದ ಹಾಗೆ ಹಿಡಿದುಕೊಳ್ಳುತ್ತಿತ್ತು. ಆಟೋದವನಿಗೆ ಏನೆಂದು ಹೇಳಿರಲಿಲ್ಲ.

ಸ್ಮಶಾನದಲ್ಲಿ ಅಣ್ಣನ ಹಳೆಯ ಜೊತೆಗಾರರು ಆಗಲೇ ಗುಂಡಿ ತೆಗೆದಿದ್ದರು. ಬಂಡೆ ಕೊರೆದ ಕೈಗಳು, ಈಗ ಗುದ್ದಲಿ ಹಿಡಿದರೆ ಏದುಸಿರು. ದೂರದಲ್ಲಿ ಗಣಿಯ ಮಣ್ಣಿನ ದಿಬ್ಬಗಳು ಬಿಸಿಲಲ್ಲಿ ಬೆಳ್ಳಗೆ ಬಿದ್ದಿದ್ದವು. ಕಾಲಿಗೆ ಯಾವ ಶಾಸ್ತ್ರ ಮಾಡಬೇಕೋ ಯಾರಿಗೂ ಗೊತ್ತಿರಲಿಲ್ಲ. ಮೂರನೇ ದಿನಕ್ಕೆ ಹಾಲು ತುಪ್ಪ ಬಿಡಬೇಕಾ ಎಂದು ಒಬ್ಬರು ಕೇಳಿದರು. ಆಳು ಬದುಕಿರುವಾಗ ಬೇಡ ಎಂದು ಇನ್ನೊಬ್ಬರು. ಕೊನೆಗೆ ಒಬ್ಬ ಮುದುಕ ಕರ್ಪೂರ ಹಚ್ಚಿ, ಒಂದು ಹಿಡಿ ಮಣ್ಣು ಹಾಕಿ, "ಕಾಲು ಮುನ್ನಾಡಿ ಪೋಯಿಡುಚ್ಚು, ನೀ ಮೆದುವಾ ವಾ" ಎಂದು ತಮಿಳಿನಲ್ಲಿ ಅಂದ. ಕಾಲು ಮುಂದೆ ಹೋಯಿತು, ನೀನು ನಿಧಾನಕ್ಕೆ ಬಾ, ಎಂದು ಆಸ್ಪತ್ರೆಯಲ್ಲಿದ್ದ ಅಣ್ಣನಿಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಭಾನುವಾರದ ಕಾಫಿಗೆ ಬರುತ್ತಿದ್ದ ಕಾಲು ಅದು.

ಮನೆಗೆ ಬಂದ ಮೇಲೂ ಮೊಂಡುಗಾಲಿನ ಹೊಲಿಗೆ ಒಂದು ಕಡೆ ಕೂಡಿಕೊಳ್ಳಲಿಲ್ಲ. ನೀರು ಒಸರುತ್ತಲೇ ಇತ್ತು. ಇನ್ನೂ ಮೇಲಕ್ಕೆ, ತೊಡೆಯ ಹತ್ತಿರ ತೆಗೆಯಬೇಕಾಗುವ ಭಯ ಡಾಕ್ಟರಮ್ಮನಿಗೂ ಇತ್ತು. ಬಹಳ ಯೋಚಿಸಿ ಅದೇ ಪಟ್ಟಿ, ಅದೇ ದೀಪದ ಮಾತೆತ್ತಿದಳು. ಈ ಸಲ ಎಲ್ಲವನ್ನೂ ನಿಧಾನವಾಗಿ, ಎರಡೆರಡು ಸಲ ಬಿಡಿಸಿ ಹೇಳಿದಳು. ಅಣ್ಣ ಗೌರವದಿಂದ ಕೇಳಿಸಿಕೊಂಡ. ಪಟ್ಟಿ ಹಾಕಿಸಿಕೊಂಡು ಹೊರಗೆ ಬಂದು ನನಗೆ, "ಮೇಸ್ತ್ರಿ ಮೊದ್ಲು ಊರಿಗೆ ಓಗ್ಲಿ" ಎಂದ.

ಬಾಣಂತನ ಇನ್ನೂ ಮುಗಿದಿರಲಿಲ್ಲ. ಕೂಸನ್ನು ಅತ್ತೆಮನೆಗೆ ಕಳಿಸಲು ಒಳ್ಳೆಯ ದಿನ ನೋಡಬೇಕು, ತೊಟ್ಟಿಲು, ಬಟ್ಟೆ, ಸಿಹಿ ಎಲ್ಲ ಜೋಡಿಸಬೇಕು. ಒಂದನ್ನೂ ನೋಡಲಿಲ್ಲ. "ನಾವು ಓದ್ರೆ ದೀಪ ಇಟ್ಕೊಂತೀರಾ ಮಾವ?" ಎಂದು ಮಗಳು ಕೇಳಿದಳು. "ಮೇಸ್ತ್ರಿ ಆಣೆಗೂ ಇಟ್ಕೊಂತೀನಿ" ಎಂದ. ಅವಳ ಗಂಡನ ಮನೆ ಬೂದಿಕೋಟೆಯ ಹತ್ತಿರ. ನಾನೇ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಿಟಕಿ ಪಕ್ಕ ಕೂರಿಸಿ ಬಂದೆ. ಬಸ್ಸು ಹೊರಟ ಮೇಲೆ ಅಲ್ಲೇ ನಿಂತಿದ್ದೆ. ಬೂದಿಕೋಟೆಗೆ ದಿನಾ ಬಸ್ಸಿದೆ. ಮೊದಲೇ ಒಂದು ಮಾತು ಬಾಯಿಂದ ಬಂದಿದ್ದರೆ ಇದೇ ಬಸ್ಸಿಗೆ ಕೂರಿಸಿ ಕಳಿಸಬಹುದಿತ್ತು. ಅಷ್ಟಕ್ಕೇ ಒಂದು ಕಾಲು ಉಳಿಯಬಹುದಿತ್ತು ಅನ್ನಿಸಿ, ಅವನ ಮೇಲೆ, ನನ್ನ ಮೇಲೆ, ಆ ಹಾಳು ಬಸ್ಸಿನ ಮೇಲೆ ಕೂಡ ಸಿಟ್ಟು ಬಂತು.

ಮನೆಗೆ ಬಂದಾಗ ಅಣ್ಣ ಮಂಚದ ಮೇಲೆ ತಯಾರಾಗಿ ಕೂತಿದ್ದ. ಕಿಟಕಿಗಳನ್ನು ಕೋಲಿನಿಂದ ತಳ್ಳಿ ತೆರೆದಿದ್ದ. ಗೂಡನ್ನು ನಾನು ಬೆಳಿಗ್ಗೆಯೇ ಮೊಂಡುಗಾಲಿನ ಅಳತೆಗೆ ಕತ್ತರಿಸಿ ಮತ್ತೆ ಹೊಲಿದಿಟ್ಟಿದ್ದೆ. ಅರ್ಧದಷ್ಟು ಬಟ್ಟೆ ಮಿಕ್ಕಿತ್ತು. ಪಟ್ಟಿಯ ಮೇಲೆ ಏನೂ ಇಲ್ಲವೆಂದು ನೋಡಿ ದೀಪ ಹಚ್ಚಿದೆ. ನೀಲಿ ಬೆಳಕು ನೇರ ಅದರ ಮೇಲೆ ಬಿತ್ತು.

"ನೀನು ಆಚೆ ಓಗೇ" ಎಂದ.

"ಓಗಕಿಲ್ಲ" ಎಂದು ನೆಲದ ಮೇಲೆ, ಕೂಸು ಮಲಗುತ್ತಿದ್ದ ಜಾಗದಲ್ಲೇ ಕೂತೆ.

ಅವನು 'ಏನೂ ಇಲ್ಲ' ಎಂಬ ಮಾತನ್ನು ನನ್ನಿಂದಲೂ ನಂಬುವುದಿಲ್ಲ ಎಂದು ಗೊತ್ತಿತ್ತು, ಹಾಗಾಗಿ ಅದನ್ನು ಹೇಳಲಿಲ್ಲ. ಅವನು ಪಕ್ಕದ ಚೊಂಬಿನಲ್ಲಿ ಅದ್ದಿಟ್ಟಿದ್ದ ಟವಲನ್ನು ಎತ್ತಿ ಹಿಂಡಿದ.

"ಕೆಳಗೆ ಕೂತ್ಕೋಬ್ಯಾಡ ಕಣೇ. ಮ್ಯಾಲೆ ಬಾ."

ಎದ್ದು ಮಂಚದ ಮೇಲೆ ಅವನ ಪಕ್ಕ ಕೂತೆ. ಟವಲಿನ ಒಂದು ತುದಿಯನ್ನು ತನ್ನ ಮೂಗಿಗೆ ಹಿಡಿದುಕೊಂಡು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಮೂಗಿಗೆ ಒತ್ತಿ ಹಿಡಿದುಕೊಂಡೆ. ದೀಪ ತಾನಾಗಿ ಆರುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು.